ಟಿಸಿ ಕೊಟ್ಟಷ್ಟೇ ಕರೆಂಟು: ರಿಂಗ್ ರೋಡ್ ಪಕ್ಕದ ಒಂದು ಫಾಸ್ಟ್ ಚಾರ್ಜಿಂಗ್ ಸ್ಟೇಷನ್ನಿನ ಕಥೆ

2024ರ ನವೆಂಬರ್‌ನಲ್ಲಿ ಒಬ್ಬ ಯಜಮಾನರು ಸೈಟು ತೋರಿಸಲು ಕರೆದರು. ಪಶ್ಚಿಮ ಬೆಂಗಳೂರಿನಲ್ಲಿ, ರಿಂಗ್ ರೋಡಿನಿಂದ ಎರಡನೇ ತಿರುವಿನಲ್ಲಿ, 60×80ರ ಕಾರ್ನರ್ ಸೈಟು. ಮೊದಲು ಮರದ ಗೋಡೌನ್ ಇತ್ತಂತೆ. ಈಗ ಖಾಲಿ, ಮೂಲೆಯಲ್ಲಿ ಒಂದು ಹೊಂಗೆ ಮರ. ಪಕ್ಕದಲ್ಲೇ ಕಲ್ಯಾಣ ಮಂಟಪ.

ನಾನು ಗೇಟಿನ ಹತ್ತಿರ ಗಾಡಿ ನಿಲ್ಲಿಸಿದವನು ಸೈಟಿನೊಳಗೆ ಹೋಗಲಿಲ್ಲ. ಕತ್ತೆತ್ತಿ ಕಂಬ ನೋಡುತ್ತ, ಟಿಸಿ (ಬೀದಿಗೆಲ್ಲ ಕರೆಂಟು ಹಂಚುವ ಟ್ರಾನ್ಸ್‌ಫಾರ್ಮರ್) ಇದ್ದ ಬೀದಿಯ ಆ ತುದಿಗೆ ನಡೆದೆ. ಯಜಮಾನರು ಹಿಂದಿನಿಂದ ಕೂಗಿದರು: "ಏನ್ರೀ, ಸೈಟು ಇಲ್ಲಿದೆ, ನೀವು ಆ ಕಡೆ ಹೋಗ್ತಿದೀರಲ್ಲ?"

"ಟಿಸಿ ನೋಡ್ಕೊಂಡ್ ಬರ್ತೀನಿ ಸಾರ್."

ಹದಿನೈದು ವರ್ಷದಿಂದ ಎಲೆಕ್ಟ್ರಿಕಲ್ ಗುತ್ತಿಗೆ ಮಾಡುತ್ತಿದ್ದೇನೆ. ಕಾರ್ ಚಾರ್ಜಿಂಗ್ ಕೆಲಸಕ್ಕೆ ಇಳಿದ ಮೇಲೆ ಇದೇ ನನ್ನ ಅಭ್ಯಾಸ. ಜಾಗ ಎಷ್ಟೇ ಚೆನ್ನಾಗಿರಲಿ, ಟ್ರಾನ್ಸ್‌ಫಾರ್ಮರ್ ಒಪ್ಪದಿದ್ದರೆ ಅದು ಬರೀ ಪಾರ್ಕಿಂಗ್ ಜಾಗ. ಜನ ಮೊದಲು ಕೇಳುವುದು ಯಾವ ಯಂತ್ರ, ಎಷ್ಟು ಗನ್ (ಕಾರಿಗೆ ಸಿಕ್ಕಿಸುವ ಕೇಬಲ್ ತುದಿ), ಯಾವ ಆ್ಯಪ್ ಅಂತ. ಕೊನೆಗೆ ಕೆಲಸ ನಿಲ್ಲುವುದು ತಂತಿಯಲ್ಲಿ. ಈ ಸ್ಟೇಷನ್ನಿನ ಲೆಕ್ಕವನ್ನೆಲ್ಲ ಬಿಚ್ಚಿಡುತ್ತಿರುವುದು ಅದಕ್ಕೇ. ಇದರಲ್ಲಿ ನಾನು ಮಾಡಿದ ಒಂದು ದೊಡ್ಡ ತಪ್ಪೂ ಇದೆ, ಅದನ್ನೂ ಹೇಳುತ್ತೇನೆ.

ಯಜಮಾನರ ಆಸೆ

ಅವರು ಮೈಸೂರು ರಸ್ತೆಯಲ್ಲಿ ಹೋಗುವಾಗ ದೊಡ್ಡ ಯಂತ್ರ ನೋಡಿದ್ದರು. "240 ಕಿಲೋವಾಟ್ ಅಂತೆ ಕಣ್ರೀ. ಇಪ್ಪತ್ತು ನಿಮಿಷಕ್ಕೆ ಕಾರು ಫುಲ್ಲು. ನಾವೂ ಅದೇ ಹಾಕೋಣ, ಸಣ್ಣದು ಹಾಕಿ ಮರ್ಯಾದೆ ಯಾಕೆ ಕಳ್ಕೊಳೋದು?"

ಬೀದಿಯ ಟಿಸಿ 250 ಕೆವಿಎ (ಟಿಸಿ ಹೊರುವ ಲೋಡಿನ ಅಳತೆ). ಅಂದರೆ ಅದರ ಮೂರು ಫೇಸಿನ (ಆರ್, ವೈ, ಬಿ ಎಂಬ ತಂತಿಗಳ) ಒಂದೊಂದಕ್ಕೂ ಪೂರ್ತಿ ಲೋಡಿನಲ್ಲಿ ಸುಮಾರು 333 ಆಂಪಿಯರ್. 240 ಕಿಲೋವಾಟ್ ಯಂತ್ರ ಪೂರ್ತಿ ಓಡಿದರೆ, ಒಳಗೆ ಬಿಸಿಯಾಗಿ ಹೋಗುವ ನಷ್ಟವನ್ನೂ ಸೇರಿಸಿ, 350 ಆಂಪಿಯರ್ ಆಸುಪಾಸು ಎಳೆಯುತ್ತದೆ. ಬೀದಿಯ ಮನೆ, ಅಂಗಡಿ, ಮಂಟಪ, ಹಿಟ್ಟಿನ ಗಿರಣಿ ಎಲ್ಲವನ್ನೂ ಆರಿಸಿ ಇಡೀ ಟಿಸಿಯನ್ನು ನಮಗೊಬ್ಬರಿಗೇ ಕೊಟ್ಟರೂ ಸಾಲದು. ಯಜಮಾನರಿಗೆ ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಹೈವೇನಲ್ಲಿ ಹೆಂಗ್ ಹಾಕಿದಾರೆ?" ಅಂದರು. ಸರಿಯಾದ ಪ್ರಶ್ನೆ. ಅಲ್ಲಿ ಎಚ್‌ಟಿ, ಅಂದರೆ ಹೈ ವೋಲ್ಟೇಜ್ ಸಂಪರ್ಕ, ತೆಗೆದುಕೊಂಡು, ಸ್ವಂತ ಟ್ರಾನ್ಸ್‌ಫಾರ್ಮರ್ ಇಟ್ಟುಕೊಂಡಿರುತ್ತಾರೆ. ಜಾಗಕ್ಕೆ ಬರವಿಲ್ಲ.

ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತಿತ್ತು. ಯಂತ್ರದ ಮೇಲೆ ಬರೆದ ಸಂಖ್ಯೆ ಯಂತ್ರದ್ದು, ಕಾರಿನದ್ದಲ್ಲ. ಎಷ್ಟು ಕರೆಂಟು ಬೇಕು ಅಂತ ಕೇಳುವುದು ಕಾರು. 38 ಕಿಲೋವಾಟ್ ಅವರ್ ಬ್ಯಾಟರಿಯ ವಿಂಡ್ಸರ್ ಹೆಚ್ಚೆಂದರೆ 45 ಕಿಲೋವಾಟ್ ಎಳೆಯುತ್ತದೆ. ನೆಕ್ಸಾನ್‌ನ ದೊಡ್ಡ ಬ್ಯಾಟರಿಯದ್ದು 60ರ ಹತ್ತಿರ. ಟಿಯಾಗೋ ಅದರ ಅರ್ಧ. ಇವುಗಳಿಗೆ 240ರ ಗನ್ ಹಾಕುವುದು ಕಿರಿಬಾಯಿಯ ಬಿಂದಿಗೆಗೆ ಫೈರ್ ಇಂಜಿನ್ ಪೈಪ್ ಹಿಡಿದ ಹಾಗೆ. ಮಹೀಂದ್ರಾದ ಹೊಸ ಎಕ್ಸ್‌ಇವಿ 9ಇ ಥರದ ಕಾರು 180ರವರೆಗೂ ಎಳೆಯುತ್ತದೆ, ನಿಜ. ಆದರೆ ಆ ಬೀದಿಗೆ ಬರುವುದು ಯಾವ ಕಾರು?

ಅದನ್ನು ತಿಳಿಯಲು ಮೂರು ಸಂಜೆ ಮೂಲೆಯ ಟೀ ಅಂಗಡಿಯಲ್ಲಿ ಕೂತೆ. ಹಸಿರು ನಂಬರ್ ಪ್ಲೇಟ್ ಎಣಿಸುವುದು ಸುಲಭ. ಹಸಿರಿನ ಮೇಲೆ ಬಿಳಿ ಅಕ್ಷರ ಇದ್ದರೆ ಸ್ವಂತ ಕಾರು, ಹಳದಿ ಅಕ್ಷರ ಇದ್ದರೆ ಬಾಡಿಗೆ ಗಾಡಿ. ಅಲ್ಲಿ ಹಳದಿಯೇ ಜಾಸ್ತಿ. ಟೀ ಅಂಗಡಿಯವನು ನಾನು ಆರ್‌ಟಿಓ ಕಡೆಯವನು ಅಂದುಕೊಂಡು ಎರಡನೇ ದಿನ ದುಡ್ಡೇ ತೆಗೆದುಕೊಳ್ಳಲಿಲ್ಲ. ಮೂರನೇ ದಿನ ವಿಷಯ ಹೇಳಿದೆ. ಆಗ ನನ್ನ ಲೆಕ್ಕದಲ್ಲಿ ಇಲ್ಲದ ಒಂದು ಸಂಗತಿ ಅವನೇ ಹೇಳಿದ: "ಸಾರ್, ಕ್ಯಾಬ್‌ನವ್ರು ಮಧ್ಯಾಹ್ನ ಎರಡು ಗಂಟೆಗೆ ಬಂದು ಇಲ್ಲೇ ಮಲಗ್ತಾರೆ. ರಾತ್ರಿ ಹತ್ತರ ಮೇಲೆ ಇನ್ನೊಂದ್ ಸಲ." ಸಂಜೆ ಮಾತ್ರ ಕೂತಿದ್ದ ನನಗೆ ಇದು ಗೊತ್ತಾಗುವ ಹಾಗೇ ಇರಲಿಲ್ಲ.

ಕ್ಲ್ಯಾಂಪ್ ಮೀಟರ್ ಹೇಳಿದ್ದು

ನವೆಂಬರ್ ಕೊನೆಯ ವಾರ, ಸಂಜೆ ಏಳೂಮುಕ್ಕಾಲು. ಆ ಭಾಗದ ಲೈನ್‌ಮನ್ ಜೊತೆ ಟಿಸಿ ಕೆಳಗೆ ನಿಂತೆವು. ಅವರು ಎಲ್‌ಟಿ (ಬೀದಿಗೆ ಹೋಗುವ ಕಡಿಮೆ ವೋಲ್ಟೇಜಿನ) ಬಾಕ್ಸ್ ತೆಗೆದು ಒಂದೊಂದೇ ಫೇಸಿಗೆ, ತಂತಿಯನ್ನು ಸುತ್ತಿ ಹಿಡಿದು ಆಂಪಿಯರ್ ಅಳೆಯುವ ಕ್ಲ್ಯಾಂಪ್ ಮೀಟರ್ ಹಾಕಿದರು. ಆರ್ 228. ವೈ 251. ಬಿ 236. ಅಂದರೆ ಸರಾಸರಿ 238, ಟಿಸಿಯ ಶಕ್ತಿಯ ನೂರಕ್ಕೆ ಎಪ್ಪತ್ತೊಂದರಷ್ಟು.

"ಇದು ಚಳಿಗಾಲ ಸಾರ್," ಅಂದರು ಲೈನ್‌ಮನ್. "ಏಪ್ರಿಲ್‌ನಲ್ಲಿ ಎಲ್ಲಾ ಮನೇಲೂ ಎಸಿ. ಆಗ ಬಂದು ನೋಡಿ."

ಉಳಿದದ್ದು 95 ಆಂಪಿಯರ್, ಅದೂ ಚಳಿಗಾಲದಲ್ಲಿ. ಒಂದು 60 ಕಿಲೋವಾಟ್ ಯಂತ್ರವೇ 90 ಆಂಪಿಯರ್ ಹತ್ತಿರ ತಿನ್ನುತ್ತದೆ.

ಮಜಾ ಏನೆಂದರೆ, ಅದೇ ಟಿಸಿ ಮಧ್ಯಾಹ್ನ ಎರಡಕ್ಕೂ ರಾತ್ರಿ ಹನ್ನೊಂದರ ಮೇಲೂ ಅರ್ಧ ಖಾಲಿ. ಟೀ ಅಂಗಡಿಯವನು ಹೇಳಿದ ಹೊತ್ತಿಗೂ ಇದಕ್ಕೂ ಸರಿಯಾಗಿ ತಾಳೆ ಬೀಳುತ್ತಿತ್ತು. ಸಂಜೆ ಆರರಿಂದ ಹತ್ತರವರೆಗೆ ಯಂತ್ರವನ್ನು 30 ಕಿಲೋವಾಟ್‌ಗೆ ತಗ್ಗಿಸಿ, ಉಳಿದ ಹೊತ್ತು ಪೂರ್ತಿ ಬಿಟ್ಟರೆ ಹೊಸ ಟಿಸಿಯೇ ಬೇಡ. ಯಂತ್ರದ ಸಾಫ್ಟ್‌ವೇರ್‌ಗೆ ಅದು ಬರುತ್ತದೆ ಕೂಡ. ಆದರೆ ವಿದ್ಯುತ್ ಕಂಪನಿ ಇಷ್ಟು ಕಿಲೋವಾಟ್ ಅಂತ ಕೊಡುವ ಒಪ್ಪಿಗೆಗೆ, ಅಂದರೆ ಲೋಡ್ ಸ್ಯಾಂಕ್ಷನ್‌ಗೆ ಗಡಿಯಾರ ಗೊತ್ತಿಲ್ಲ. ಅರ್ಜಿಯಲ್ಲಿ ಬರೆದ ಕಿಲೋವಾಟ್ ಇಪ್ಪತ್ನಾಲ್ಕು ಗಂಟೆಗೂ ಒಂದೇ. ಹೊತ್ತಿಗೆ ತಕ್ಕ ಲೋಡ್ ಕೊಡುವ ಪದ್ಧತಿ ಬಂದರೆ ಊರಿನ ಅರ್ಧದಷ್ಟು ಸ್ಟೇಷನ್ನುಗಳಿಗೆ ಹೊಸ ಟ್ರಾನ್ಸ್‌ಫಾರ್ಮರ್ ಬೇಕಾಗುವುದಿಲ್ಲ ಅನ್ನುವುದು ನನ್ನ ಅನಿಸಿಕೆ. ಸಾಫ್ಟ್‌ವೇರ್ ಕೈಕೊಟ್ಟರೆ ಬೀದಿ ಕತ್ತಲಾಗುತ್ತದೆ ಅನ್ನುವ ವಿದ್ಯುತ್ ಕಂಪನಿಯವರ ಭಯವೂ ಸುಳ್ಳಲ್ಲ.

ಮುಂದೆ ಇದ್ದ ದಾರಿ ಮೂರು.

ಒಂದು, ಎಚ್‌ಟಿ. ಸೈಟಿನೊಳಗೇ ಸ್ವಂತ ಟಿಸಿ, ಮೀಟರಿಂಗ್ ಕ್ಯೂಬಿಕಲ್, ಸ್ವಿಚ್‌ಗೇರ್, ಸುತ್ತ ಬೇಲಿ. ಇವುಗಳಿಗೇ ಎರಡು ಕಾರಿನ ಜಾಗ ಹೋಗುತ್ತದೆ. ಕೆಟ್ಟರೆ ರಿಪೇರಿ ನಮ್ಮದೇ. ಅಂದಾಜು ಹಾಕಿಸಿದಾಗ ಯಂತ್ರದ ಬೆಲೆಗಿಂತ ಯಂತ್ರದವರೆಗೆ ಕರೆಂಟು ತರುವ ಬೆಲೆ ಜಾಸ್ತಿ ಬಂತು. ಯಜಮಾನರು ಆ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು, ಮತ್ತೆ ಆ ವಿಷಯ ಎತ್ತಲಿಲ್ಲ.

ಎರಡನೆಯದನ್ನು ಅವರೇ ತಂದರು. ಡಿಸೆಂಬರ್‌ನಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣದ ಹತ್ತಿರ ಸೋಲಾರ್ ಜೊತೆಗೆ ಕಾರಿನ ಹಳೆಯ ಬ್ಯಾಟರಿಗಳನ್ನೇ ಮತ್ತೆ ಬಳಸುವ ಚಾರ್ಜಿಂಗ್ ತಾಣ ಶುರುವಾದ ಸುದ್ದಿ ಪೇಪರಿನಲ್ಲಿ ಬಂದಿತ್ತು. 45 ಕಿಲೋವಾಟ್ ಸೋಲಾರ್, 100 ಕಿಲೋವಾಟ್ ಅವರ್ ಬ್ಯಾಟರಿ. "ಇದನ್ನ ಮಾಡಬಹುದಲ್ವಾ?" ಒಳ್ಳೆಯ ಉಪಾಯವೇ. ಇದನ್ನು ದೊಡ್ಡದಾಗಿ ಮಾಡಿ ತೋರಿಸಿದ್ದು ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಆಡಿ ಕಂಪನಿ, 2021ರ ಕೊನೆಗೆ. ಅಲ್ಲಿ ಒಂದೊಂದೂ 320 ಕಿಲೋವಾಟ್‌ವರೆಗೆ ಕೊಡುವ ಆರು ಚಾರ್ಜಿಂಗ್ ಪಾಯಿಂಟ್ ಇವೆ. ಗ್ರಿಡ್‌ನಿಂದ ತೆಗೆದುಕೊಳ್ಳುವುದು ಮಾತ್ರ ಬರೀ 200 ಕಿಲೋವಾಟ್. ಮಧ್ಯದಲ್ಲಿ 2.45 ಮೆಗಾವಾಟ್ ಅವರ್ ಬ್ಯಾಟರಿ ಕೂತಿದೆ. ಪರೀಕ್ಷೆಗೆ ಓಡಿಸಿದ ಕಾರುಗಳಿಂದ ಬಿಚ್ಚಿದ ಬ್ಯಾಟರಿಗಳು. ಇಡೀ ದಿನ ನಿಧಾನವಾಗಿ ತುಂಬಿಕೊಳ್ಳುತ್ತದೆ, ಕಾರು ಬಂದಾಗ ಒಮ್ಮೆಲೇ ಸುರಿಯುತ್ತದೆ. ಮನೆಯ ಸಂಪಿಗೆ ಕಾವೇರಿ ನೀರು ಸಣ್ಣಗೆ ಬಿದ್ದು, ಬೆಳಿಗ್ಗೆ ಮೋಟಾರ್ ಹಾಕಿದಾಗ ಟ್ಯಾಂಕ್ ತುಂಬುವ ಲೆಕ್ಕ.

ನಮ್ಮ ಲೆಕ್ಕ ಹೀಗೆ ಬಂತು. ಸಂಜೆ ನಾಲ್ಕು ಗಂಟೆ, 60 ಕಿಲೋವಾಟ್, ಅಂದರೆ 240 ಯೂನಿಟ್ ಹಿಡಿಯುವ ಸಂಪು ಬೇಕು. ಅದರ ಬೆಲೆ, ಇನ್ವರ್ಟರ್, ಬೆಂಕಿ ಸುರಕ್ಷತೆ, ಜಾಗ ಎಲ್ಲ ಸೇರಿಸಿದರೆ ಎಚ್‌ಟಿಯ ಹಾಳೆಯೇ ವಾಸಿ ಅನ್ನಿಸಿತು. ಕಾರು ಕಂಪನಿಗೆ ಬ್ಯಾಟರಿ ಮನೆಯಲ್ಲೇ ಇರುತ್ತದೆ. ನಮ್ಮ ಯಜಮಾನರ ಹತ್ತಿರ ಇಲ್ಲ.

ಮೂರನೆಯದು, ಬೀದಿಯಲ್ಲೇ ಇನ್ನೊಂದು 250 ಕೆವಿಎ ಟಿಸಿ ನಿಲ್ಲಿಸಿ ಅದರಿಂದ ಎಲ್‌ಟಿ ತೆಗೆದುಕೊಳ್ಳುವುದು. ಕೇಂದ್ರದ 2024ರ ಮಾರ್ಗಸೂಚಿ ಪ್ರಕಾರ 150 ಕಿಲೋವಾಟ್‌ವರೆಗೆ ಎಲ್‌ಟಿ ಸಂಪರ್ಕವೇ ಸಾಕು. ಖರ್ಚು ನಮ್ಮದು, ಕೆಲಸ ಲೈಸೆನ್ಸ್ ಇರುವ ಗುತ್ತಿಗೆದಾರನದು, ಅಂದರೆ ನನ್ನದು. ಸೆಲ್ಫ್ ಎಕ್ಸಿಕ್ಯೂಷನ್ ಅನ್ನುತ್ತಾರೆ. ಮುಗಿದ ಮೇಲೆ ಟಿಸಿ ವಿದ್ಯುತ್ ಕಂಪನಿಗೆ ಸೇರುತ್ತದೆ. "ದುಡ್ಡು ನಂದು, ಟಿಸಿ ಅವರದಾ?" ಅಂತ ಯಜಮಾನರು ಮೂರು ಸಲ ಕೇಳಿದರು. ಹೌದು. ಆದರೆ ಸುಟ್ಟರೆ ಬದಲಾಯಿಸುವ ತಲೆನೋವೂ ಅವರದೇ ಅಂದಾಗ ಒಪ್ಪಿದರು.

ಕಂಬ ನಿಲ್ಲಿಸುವ ಜಗಳ

ಇದೇ ಮಾರ್ಗಸೂಚಿಯಲ್ಲಿ ಮಹಾನಗರದಲ್ಲಿ ಮೂರು ದಿನದೊಳಗೆ ಸಂಪರ್ಕ ಕೊಡಬೇಕು ಅಂತಲೂ ಇದೆ. ಲೈನ್ ವಿಸ್ತರಣೆ ಬೇಕಿಲ್ಲದಿದ್ದರೆ ಮಾತ್ರ. ನಮಗೆ ಬೇಕಿತ್ತು. ಡಿಸೆಂಬರ್‌ನಲ್ಲಿ ಹಾಕಿದ ಅರ್ಜಿಗೆ ಮೀಟರ್ ಕೂತದ್ದು ಏಪ್ರಿಲ್‌ನಲ್ಲಿ. ಯಾರೂ ಸುಮ್ನೆ ಸತಾಯಿಸಲಿಲ್ಲ. ಎಸ್ಟಿಮೇಟ್, ಮಂಜೂರಾತಿ, ದುಡ್ಡು ಕಟ್ಟುವುದು, ನಕ್ಷೆ, ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟರೇಟ್ ತಪಾಸಣೆ, ಒಂದೊಂದಕ್ಕೂ ಅದರ ವಾರಗಳು ಹಿಡಿದವು.

ಜಾಸ್ತಿ ದಿನ ತಿಂದದ್ದು ಟಿಸಿ ಕೂರುವ ಜೋಡಿ ಕಂಬ, ಅಂದರೆ ಡಬಲ್ ಪೋಲ್, ಎಲ್ಲಿ ನಿಲ್ಲಿಸುವುದು ಅನ್ನುವ ಪ್ರಶ್ನೆ. ನಮ್ಮ ಸೈಟಿನ ಮುಂದೆ ಹೊಂಗೆ ಮರ. ಕಡಿಯುವ ಮಾತೇ ಬೇಡ ಅಂತ ಯಜಮಾನರು ಮೊದಲೇ ಹೇಳಿದ್ದರು, ನನಗೂ ಅದೇ ಬೇಕಿತ್ತು. ಎದುರು ಮನೆಯ ಅಮ್ಮ ಕಿಟಕಿಯಿಂದಲೇ, "ನಮ್ಮ ಮನೆ ಮುಂದೆ ಟಿಸಿ ತಂದ್ರೆ ಸರಿ ಇರಲ್ಲ ನೋಡಿ" ಅಂದರು. ಅವರ ಮಾತಿನಲ್ಲಿ ತಪ್ಪಿಲ್ಲ. ಆ ಗುಂಯ್‌ಗುಡುವ ಸದ್ದನ್ನು ಮಲಗುವ ಕೋಣೆಯ ಕಿಟಕಿಗೆ ಯಾರು ಕಟ್ಟಿಕೊಳ್ಳುತ್ತಾರೆ?

ಕೊನೆಗೆ ಕಲ್ಯಾಣ ಮಂಟಪದ ಮ್ಯಾನೇಜರ್ ಒಪ್ಪಿದರು, ಅವರ ಕಾಂಪೌಂಡ್ ಪಕ್ಕದ ಫುಟ್‌ಪಾತಿನ ಅಂಚಿಗೆ. ಪುಣ್ಯಕ್ಕೆ ಅಲ್ಲ. ಮುಹೂರ್ತದ ದಿನ ಅವರ ಲೈಟು ಮಿಣುಕುತ್ತಿತ್ತು. ಹೊಸ ಟಿಸಿಗೆ ಮಂಟಪವನ್ನೂ ಸೇರಿಸಿದರೆ ವೋಲ್ಟೇಜ್ ಸರಿಹೋಗುತ್ತದೆ ಅಂತ ವಿದ್ಯುತ್ ಕಂಪನಿಯ ಸೆಕ್ಷನ್ ಆಫೀಸಿನವರು ವಿವರಿಸಿದ ಮೇಲೆ ಅವರೇ ಜಾಗ ಗುರುತು ಮಾಡಿಕೊಟ್ಟರು. ಆ ಉಪಕಾರಕ್ಕೆ ಬಡ್ಡಿ ಮುಂದೆ ಕಟ್ಟಬೇಕಾಯಿತು.

ಮಂಟಪದ ಲೋಡಿಗೂ ಜಾಗ ಬಿಟ್ಟು ನಮಗೆ 120 ಕಿಲೋವಾಟ್ ಕೇಳಿದೆವು. ಎರಡು ಗನ್ನಿನ 60 ಕಿಲೋವಾಟ್ ಡಿಸಿ (ಬೇಗ ತುಂಬುವ) ಯಂತ್ರ ಒಂದು. ಒಂದೇ ಕಾರಿದ್ದರೆ ಪೂರ್ತಿ 60, ಎರಡಾದರೆ ಹಂಚಿಕೊಳ್ಳುತ್ತದೆ. ಪಕ್ಕದಲ್ಲಿ 30 ಕಿಲೋವಾಟಿನದು ಒಂದು. ಗೋಡೆಗೆ 7.4ರ ಎಸಿ (ನಿಧಾನದ) ಚಾರ್ಜರ್ ಮೂರು. ಆರು ಕಾರು ಒಟ್ಟಿಗೆ. ಡಿಸಿ ಗನ್ ಎಲ್ಲ ಸಿಸಿಎಸ್-2, ಈಗಿನ ಹೆಚ್ಚಿನ ಕಾರುಗಳಿಗೆ ಹೊಂದುವ ನಮೂನೆ. 2018ರ ಮಾರ್ಗಸೂಚಿ ಬಂದಾಗ ಒಂದು ಸ್ಟೇಷನ್ನಿನಲ್ಲಿ ಐದು ಥರದ ಚಾರ್ಜರ್ ಇಡಬೇಕು ಅಂತಿತ್ತು. ಆ ಕಾಲದಲ್ಲಿ ಕೂತ 15 ಕಿಲೋವಾಟ್ ಭಾರತ್ ಡಿಸಿ ಯಂತ್ರಗಳು ಇವತ್ತಿಗೂ ಊರಲ್ಲಿ ಅಲ್ಲಲ್ಲಿ ಧೂಳು ಹಿಡಿದು ನಿಂತಿವೆ. ಅದಕ್ಕೆ ಹೊಂದುವ ಹಳೇ ಟ್ಯಾಕ್ಸಿಗಳು ಹೆಚ್ಚುಕಮ್ಮಿ ರಸ್ತೆಯಿಂದ ಹೋದವು. ಮುಂದಿನ ವರ್ಷವೇ ಆ ನಿಯಮ ಸಡಿಲಾಯಿತು, ಒಳ್ಳೆಯದಾಯಿತು.

ಸಿವಿಲ್ ಕೆಲಸದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಯಂತ್ರದ ಕಟ್ಟೆ ರಸ್ತೆಗಿಂತ ಒಂದೂವರೆ ಅಡಿ ಎತ್ತರ, ಮಳೆ ನೀರು ಹರಿದುಹೋಗಲು ಇಳಿಜಾರು, ಮೇಲೆ ಶೀಟು. ಕೇಬಲ್ ಪೈಪಿನ ಎರಡೂ ಬಾಯಿಗೆ ಫೋಮ್, ಇಲ್ಲದಿದ್ದರೆ ಇಲಿ ಬರುತ್ತದೆ. ಕಾಂಕ್ರೀಟ್ ಹಾಕುವ ಮುಂಚೆ ಖಾಲಿ ಪೈಪ್ ಎರಡು ಜಾಸ್ತಿ ಹೂತಿಟ್ಟೆವು. ನಾಳೆ ಇನ್ನೊಂದು ಯಂತ್ರ ಬಂದರೆ ನೆಲ ಒಡೆಯಬೇಕಾಗಬಾರದು.

ಒಂದು ವಿಷಯ ಮಾತ್ರ ಎಲ್ಲರೂ ಮರೆಯುತ್ತಾರೆ. ಕಾರಿನ ಚಾರ್ಜಿಂಗ್ ಬಾಯಿ ಎಲ್ಲಿದೆ? ಎಂಜಿ ಝಡ್‌ಎಸ್‌ಗೆ ಮೂತಿಯಲ್ಲಿ. ನೆಕ್ಸಾನ್‌ಗೆ ಪೆಟ್ರೋಲ್ ಹಾಕುತ್ತಿದ್ದ ಜಾಗದಲ್ಲಿ, ಹಿಂದೆ. ಗನ್ನಿನ ಕೇಬಲ್ ಐದು ಮೀಟರ್ ಉದ್ದ, ಒದ್ದೆ ಹಗ್ಗದ ಹಾಗೆ ಭಾರ. ಯಂತ್ರವನ್ನು ಜಾಗದ ಮೂಲೆಗೆ ಇಟ್ಟರೆ ಒಬ್ಬರು ಮುಂದಾಗಿ, ಇನ್ನೊಬ್ಬರು ರಿವರ್ಸ್‌ನಲ್ಲಿ ಬರಬೇಕು. ನಾವು ಯಂತ್ರವನ್ನು ಎರಡು ಬೇ (ಒಂದೊಂದು ಕಾರು ನಿಲ್ಲುವ ಜಾಗ) ನಡುವೆ, ತಲೆಯ ಕಡೆ ಇಟ್ಟು, ಒಂದೊಂದು ಬೇಯನ್ನೂ ಮಾಮೂಲಿಗಿಂತ ಅಗಲ ಮಾಡಿದೆವು. ಸುಣ್ಣದಲ್ಲಿ ಗೆರೆ ಹಾಕಿ, ಬಾಡಿಗೆ ಕಾರು ತರಿಸಿ, ಯಜಮಾನರ ಮಗಳ ಕೈಗೆ ಕೇಬಲ್ಲಿನಷ್ಟೇ ಉದ್ದದ ಹಗ್ಗ ಕೊಟ್ಟು ಎಳೆದು ನೋಡಿಯೇ ಜಾಗ ಗೊತ್ತುಮಾಡಿದ್ದು. ಅವರು "ಈ ಮೂಲೆಗೆ ರಾತ್ರಿ ಲೈಟ್ ಬೇಕು ಅಂಕಲ್, ಇಲ್ಲ ಅಂದ್ರೆ ನಾನಂತೂ ಇಲ್ಲಿ ನಿಲ್ಲಿಸಲ್ಲ" ಅಂದಮೇಲೆ ಎರಡು ದೀಪ ಹೆಚ್ಚು ಬಂತು.

ಲೆಕ್ಕದ ಪುಸ್ತಕ

ದರದ ಮಾತು ಬಂದಾಗ ಯಜಮಾನರಿಗೆ ಒಂದು ಕಡೆ ಸಿಟ್ಟು ಬಂತು. "ಕರೆಂಟಿಗೆ ಜಿಎಸ್‌ಟಿ ಇಲ್ಲ ಅಲ್ವಾ?"

ಕರೆಂಟಿಗೆ ಇಲ್ಲ. ಚಾರ್ಜಿಂಗ್‌ಗೆ ಇದೆ, ನೂರಕ್ಕೆ 18. ಇದರ ಹಿಂದೆ ಒಂದು ತಮಾಷೆ ಇದೆ. ಕರೆಂಟು ಮಾರಬೇಕಾದರೆ ಲೈಸೆನ್ಸ್ ಬೇಕು. ಕಾರು ಚಾರ್ಜ್ ಮಾಡುವುದು ಕರೆಂಟು ಮಾರಾಟವಲ್ಲ, ಅದೊಂದು ಸೇವೆ ಅಂತ ಕೇಂದ್ರ ಇಂಧನ ಸಚಿವಾಲಯ 2018ರಲ್ಲಿ ಹೇಳಿತು. ಆ ಒಂದು ಮಾತಿನಿಂದ ನಮ್ಮ ಯಜಮಾನರಂಥವರು ಲೈಸೆನ್ಸ್ ಇಲ್ಲದೆ ಸ್ಟೇಷನ್ ಹಾಕುವ ಹಾಗಾಯಿತು. 2023ರಲ್ಲಿ ಮೈಸೂರಿನ ವಿದ್ಯುತ್ ಕಂಪನಿ ಸೆಸ್ಕ್ ಈ ತೆರಿಗೆ ಪ್ರಶ್ನೆಯನ್ನು ಕರ್ನಾಟಕದ ಜಿಎಸ್‌ಟಿ ಮುಂಗಡ ತೀರ್ಪು ಪ್ರಾಧಿಕಾರಕ್ಕೆ ಒಯ್ದಾಗ ಬಂದ ಉತ್ತರವೂ ಅದೇ: ಸೇವೆ. ಸೇವೆ ಅಂದಮೇಲೆ 18. ಲೈಸೆನ್ಸ್ ತಪ್ಪಿಸಿದ ಮಾತೇ ತೆರಿಗೆ ತಂದಿತು. ಯಜಮಾನರು ಕೇಳಿ ನಕ್ಕರು. ನಗದೆ ಏನು ಮಾಡುವುದು.

ಹಗಲು ಒಂಬತ್ತರಿಂದ ನಾಲ್ಕರವರೆಗೆ ಸೋಲಾರ್ ಕರೆಂಟು ಹೇರಳ ಇರುವುದರಿಂದ ಆ ಹೊತ್ತಿನಲ್ಲಿ ಸರಾಸರಿ ಸರಬರಾಜು ವೆಚ್ಚದ 0.7 ಪಟ್ಟು, ಉಳಿದ ಹೊತ್ತು 1.3 ಪಟ್ಟು ದರ ಇಡಿ ಅಂತ 2024ರ ಮಾರ್ಗಸೂಚಿ ಹೇಳುತ್ತದೆ. ಬಿಲ್ಲಿಗೆ ಬರುವುದು ರಾಜ್ಯದ ವಿದ್ಯುತ್ ಆಯೋಗದ ಆದೇಶ. ಆದರೂ ಆ ಯೋಚನೆಯನ್ನು ನಾವು ಎರವಲು ಪಡೆದೆವು. ಮಧ್ಯಾಹ್ನ ಎರಡಕ್ಕೆ ಬಂದು ಮಲಗುವ ಕ್ಯಾಬಿನವರಿಗೆ ಒಂದು ದರ, ಸಂಜೆಗೆ ಎರಡು ರೂಪಾಯಿ ಜಾಸ್ತಿ.

2024ರ ಕೊನೆಗೆ ಕರ್ನಾಟಕದಲ್ಲಿ ಸಾರ್ವಜನಿಕ ಚಾರ್ಜಿಂಗ್ ಸ್ಟೇಷನ್ 5,700ಕ್ಕೂ ಹೆಚ್ಚು ಇದ್ದವು, ದೇಶದಲ್ಲೇ ಮೊದಲ ಸ್ಥಾನ. ಅದರಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕಿ ಬೆಂಗಳೂರು ನಗರ ಜಿಲ್ಲೆಯಲ್ಲೇ. 2001ರಲ್ಲಿ ರೇವಾ ಎಂಬ ಎಲೆಕ್ಟ್ರಿಕ್ ಕಾರು ಹುಟ್ಟಿದ ಊರು, 2017ರಲ್ಲಿ ದೇಶಕ್ಕೆ ಮೊದಲು ಇವಿ ನೀತಿ ತಂದ ರಾಜ್ಯ. ಅಂದರೆ ಗಿರಾಕಿಯೂ ಇದ್ದಾನೆ, ಪೈಪೋಟಿಯೂ ಇದೆ. ಎರಡು ಡಿಸಿ ಯಂತ್ರ ಸೇರಿ 90 ಕಿಲೋವಾಟ್ ದಿನವಿಡೀ ಓಡಿದರೆ 2,160 ಯೂನಿಟ್. ಅದು ಎಂದೂ ಆಗದ ಮಾತು. ನೂರಕ್ಕೆ ಹನ್ನೆರಡು ಓಡಿದರೂ 260 ಯೂನಿಟ್, ಆಗ ಕಂತು ಕಟ್ಟಬಹುದು ಅಂತ ಲೆಕ್ಕ ಹಾಕಿದ್ದೆ.

ನನ್ನ ತಪ್ಪು

2025ರ ಮೇ ಮೊದಲ ವಾರ ಪೂಜೆ ಮಾಡಿ ಶುರು ಮಾಡಿದೆವು. ನಿಂಬೆಹಣ್ಣು ಯಂತ್ರದ ಕೆಳಗೆ ಇಟ್ಟರೆ ಒಡೆಯಲು ಚಕ್ರವಿಲ್ಲ, ಅದಕ್ಕೆ ಮೊದಲ ಕಾರಿನ ಚಕ್ರಕ್ಕೇ ಇಟ್ಟರು.

ಹತ್ತನೇ ದಿನ ರಾತ್ರಿ ಒಂಬತ್ತಕ್ಕೆ ವಾಚ್‌ಮನ್ ಫೋನ್: "ಸಾರ್, ಎರಡೂ ಗನ್ ನಿಂತೋಯ್ತು. ಪ್ಯಾನೆಲ್ ಹತ್ರ ಏನೋ ವಾಸನೆ." ಯಂತ್ರದ ಪರದೆಯಲ್ಲಿ ಇನ್‌ಪುಟ್ ವೋಲ್ಟೇಜ್ ಕಮ್ಮಿ ಅಂತ ತೋರಿಸುತ್ತಿತ್ತು. ಬೀದಿಯಲ್ಲಿ ವೋಲ್ಟೇಜ್ ಚೆನ್ನಾಗಿಯೇ ಇತ್ತು. ಮೇನ್ ಆಫ್ ಮಾಡಿ ಪ್ಯಾನೆಲ್ ಬಾಗಿಲು ತೆಗೆದೆ. ವೈ ಫೇಸಿನ ಲಗ್ (ಕೇಬಲ್ ತುದಿಗೆ ಹಾಕುವ ಲೋಹದ ತುಂಡು) ಕಪ್ಪಾಗಿ, ಪಕ್ಕದ ಇನ್ಸುಲೇಷನ್ ಬೆಲ್ಲದ ಪಾಕದ ಹಾಗೆ ಇಳಿದಿತ್ತು.

ನಾವು ಎಳೆದದ್ದು ಅಲ್ಯೂಮಿನಿಯಂ ಕೇಬಲ್. ಬ್ರೇಕರಿನ ತುದಿ ತಾಮ್ರದ್ದು. ಎರಡು ಲೋಹ ನೇರವಾಗಿ ತಾಗಿದರೆ ಕಾಲಕ್ರಮದಲ್ಲಿ ಜಂಟಿ ಕೆಡುತ್ತದೆ. ಬಿಸಿಯಾದಾಗ ಒಂದು ಜಾಸ್ತಿ ಹಿಗ್ಗುತ್ತದೆ, ಸಡಿಲಾಗುತ್ತದೆ, ಇನ್ನಷ್ಟು ಬಿಸಿಯಾಗುತ್ತದೆ. ಅದಕ್ಕೇ ಒಂದು ಕಡೆ ಅಲ್ಯೂಮಿನಿಯಂ, ಇನ್ನೊಂದು ಕಡೆ ತಾಮ್ರ ಇರುವ ಬೈಮೆಟಲ್ ಲಗ್ ಹಾಕಬೇಕು. ಕೆಲಸದ ದಿನ ಆ ಲಗ್ ಒಂದು ಕಮ್ಮಿ ಬಿದ್ದಿತ್ತು. ಹುಡುಗ ಸಾದಾ ಅಲ್ಯೂಮಿನಿಯಂ ಲಗ್ ಹಾಕಿ ಟೈಟ್ ಮಾಡಿದ್ದ. ನೋಡಿ ಸಹಿ ಮಾಡಿದ್ದು ನಾನು. ನೋಡಿದ್ದೆ ಅನ್ನುವುದೂ ಸುಳ್ಳು, ಬಾಗಿಲು ತೆಗೆದು ಟಾರ್ಚ್ ಬಿಟ್ಟು ಮುಚ್ಚಿದ್ದೆ.

ಮನೆಯ ವೈರಿಂಗ್‌ನಲ್ಲಿ ಇಂಥ ತಪ್ಪು ವರ್ಷಗಟ್ಟಲೆ ಅಡಗಿ ಕೂರುತ್ತದೆ. ಮನೆಯ ಲೋಡು ಏರುತ್ತದೆ, ಇಳಿಯುತ್ತದೆ. ಫಾಸ್ಟ್ ಚಾರ್ಜರ್ ಹಾಗಲ್ಲ. ಕಾರು ಸಿಕ್ಕಿಸಿದರೆ ಮುಕ್ಕಾಲು ಗಂಟೆ ಒಂದೇ ಸಮನೆ ಎಳೆಯುತ್ತದೆ. ಅದು ಹೋದ ಐದು ನಿಮಿಷಕ್ಕೆ ಇನ್ನೊಂದು. ಸಡಿಲ ಜಂಟಿಗೆ ತಣಿಯಲು ಹೊತ್ತೇ ಸಿಗುವುದಿಲ್ಲ. ಹತ್ತು ದಿನದಲ್ಲಿ ಸಿಕ್ಕಿಬಿದ್ದೆ.

ಒಂದೂವರೆ ದಿನ ಸ್ಟೇಷನ್ ಮುಚ್ಚಿತ್ತು. ಎಲ್ಲ ಲಗ್ ಬದಲಾಯಿಸಿ, ಟಾರ್ಕ್ ರೆಂಚ್‌ನಲ್ಲಿ ಬಿಗಿದು, ಪ್ರತಿ ಬೋಲ್ಟಿನ ಮೇಲೆ ಕೆಂಪು ಪೇಂಟಿನ ಗೆರೆ ಎಳೆದೆ. ಬೋಲ್ಟ್ ತಿರುಗಿದರೆ ಗೆರೆ ಮುರಿಯುತ್ತದೆ, ಕಣ್ಣಿಗೆ ಬೀಳುತ್ತದೆ. ಈಗ ತಿಂಗಳಿಗೊಮ್ಮೆ ಪೂರ್ತಿ ಲೋಡಿನಲ್ಲಿ ಥರ್ಮಲ್ ಕ್ಯಾಮೆರಾ ಹಿಡಿದು ನಾನೇ ನೋಡುತ್ತೇನೆ. ರಿಪೇರಿ ಖರ್ಚು ಯಜಮಾನರಿಗೆ ಹಾಕಲಿಲ್ಲ.

ಗಟ್ಟಿಮೇಳ ಮತ್ತು 6 ಪರ್ಸೆಂಟ್

ಮೇ ಅಂದರೆ ಮದುವೆ ಕಾಲ. ಒಂದು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹೋದರೆ ಆರು ಬೇಯಲ್ಲಿ ಐದು ಪೆಟ್ರೋಲ್, ಡೀಸೆಲ್ ಕಾರು. ಒಂದಕ್ಕೆ ಸೇವಂತಿಗೆ ಹಾರ ಬೇರೆ. ಗೇಟಿನಲ್ಲಿ ಒಬ್ಬ ಕ್ಯಾಬ್ ಡ್ರೈವರ್, ಗಾಡಿಯಲ್ಲಿ 6 ಪರ್ಸೆಂಟ್.

ಮಂಟಪದ ಮ್ಯಾನೇಜರ್ ಹತ್ತಿರ ಓಡಿದೆ. ಕಾರ್ ನಂಬರ್ ಮೈಕಿನಲ್ಲಿ ಕೂಗಿಸಿ ಅಂದೆ. "ಮುಹೂರ್ತ ಸಾರ್! ಗಟ್ಟಿಮೇಳ ಮುಗಿಯೋವರೆಗೂ ಮೈಕ್ ಯಾರಿಗೂ ಕೊಡಲ್ಲ." ತಾಳಿ ಕಟ್ಟುವ ಹೊತ್ತಿನಲ್ಲಿ ಬಿಳಿ ಇನ್ನೋವಾ ತೆಗೀರಿ ಅಂತ ಕೂಗಿಸುವುದು ನನಗೂ ಸರಿ ಕಾಣಲಿಲ್ಲ. ಡ್ರೈವರ್ ಇಪ್ಪತ್ತೈದು ನಿಮಿಷ ಕಾದ. ಯಜಮಾನರು ಅವನನ್ನು ಮಂಟಪಕ್ಕೇ ಕರೆದುಕೊಂಡು ಹೋಗಿ ಊಟಕ್ಕೆ ಕೂರಿಸಿದರು. ಯಾರ ಮದುವೆಯೋ, ಯಾರ ಊಟವೋ.

ಟಿಸಿಗೆ ಜಾಗ ಕೊಟ್ಟ ಪಕ್ಕದವರ ಜೊತೆ ಜಗಳ ಆಡುವ ಹಾಗಿಲ್ಲ. ಮಾತಾಡಿ ಒಂದು ಒಪ್ಪಂದಕ್ಕೆ ಬಂದೆವು. ಮಂಟಪದ ಬುಕಿಂಗ್ ಫಾರಂನಲ್ಲಿ ಚಾರ್ಜಿಂಗ್ ಜಾಗದಲ್ಲಿ ಗಾಡಿ ನಿಲ್ಲಿಸುವಂತಿಲ್ಲ ಅಂತ ಒಂದು ಸಾಲು ಸೇರಿತು. ಮುಹೂರ್ತದ ದಿನ ಗೇಟಿಗೆ ಸರಪಳಿ, ವಾಚ್‌ಮನ್. ಬದಲಿಗೆ ಮದುಮಕ್ಕಳ ಕಾರು ಇವಿ ಆಗಿದ್ದರೆ ಚಾರ್ಜಿಂಗ್ ಪುಕ್ಕಟೆ. ಇದುವರೆಗೆ ಒಂದೇ ಒಂದು ಬಂದಿದೆ.

80 ಪರ್ಸೆಂಟಿನ ಜಗಳ ಇದಕ್ಕಿಂತ ಕಷ್ಟದ್ದು. ಬ್ಯಾಟರಿ ಎಂಬತ್ತರವರೆಗೆ ಬೇಗ ತುಂಬುತ್ತದೆ, ಆಮೇಲೆ ಕಾರೇ ಕರೆಂಟು ತಗ್ಗಿಸಿಕೊಳ್ಳುತ್ತದೆ. ಕೊನೆಯ ಇಪ್ಪತ್ತಕ್ಕೆ ಮೊದಲ ಅರವತ್ತಕ್ಕೆ ಹಿಡಿದಷ್ಟೇ ಹೊತ್ತು ಹಿಡಿಯುವುದೂ ಉಂಟು. ಹಿಂದೆ ಮೂರು ಗಾಡಿ ಕಾದಿರುತ್ತವೆ. ಎಂಬತ್ತರ ಮೇಲೆ ನಿಮಿಷಕ್ಕೆ ಇಷ್ಟು ಅಂತ ಹೆಚ್ಚುವರಿ ಶುಲ್ಕ ಹಾಕಿದೆವು. ಒಬ್ಬ ಡ್ರೈವರ್ ನನ್ನನ್ನು ನಿಲ್ಲಿಸಿ ಕೇಳಿದ: "ಅಣ್ಣಾ, ಏರ್‌ಪೋರ್ಟ್ ಟ್ರಿಪ್ ಬಿದ್ರೆ ಹೋಗ್ತಾ ನಲವತ್, ಬರ್ತಾ ನಲವತ್ ಕಿಲೋಮೀಟರ್. ಆಮೇಲೆ ಮನೆಗೂ ಹೋಗ್ಬೇಕು. ನಂದು ಚಿಕ್ ಬ್ಯಾಟರಿ. ಎಂಬತ್ತಕ್ಕೆ ತೆಗಿ ಅಂದ್ರೆ ನಾನೇನ್ ಮಾಡ್ಲಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ದೊಡ್ಡ ಬ್ಯಾಟರಿಯ ಕಾರಿನವರಿಗೆ ಸರಿಯಾದ ನಿಯಮ ಅವನ ಹೊಟ್ಟೆಗೆ ಹೊಡೆಯುತ್ತಿತ್ತು. ಶುಲ್ಕವನ್ನು ಕ್ಯೂ ಇದ್ದಾಗ ಮಾತ್ರ ಹಾಕುವಂತೆ ಬದಲಾಯಿಸಿದೆವು. ಜೊತೆಗೆ 30ರ ಯಂತ್ರಕ್ಕೆ ಶುಲ್ಕವೇ ಇಲ್ಲ. ಚಿಕ್ಕ ಬ್ಯಾಟರಿಯ ಕ್ಯಾಬುಗಳು ತಾವಾಗಿಯೇ ಅತ್ತ ಸರಿದವು. ಅವುಗಳಿಗೆ 60 ಹೇಗೂ ಉಪಯೋಗಕ್ಕೆ ಬರುತ್ತಿರಲಿಲ್ಲ. ಈ ಸಣ್ಣ ಯಂತ್ರವನ್ನು ಯಜಮಾನರು ಮೊದಲು ಬೇಡವೇ ಬೇಡ ಅಂದಿದ್ದರು. ಈಗ ಎರಡರಲ್ಲಿ ಅದೇ ಜಾಸ್ತಿ ಗಂಟೆ ಓಡುತ್ತಿದೆ.

ಮೊದಲ ಎರಡು ವಾರ ದಿನಕ್ಕೆ 130 ಯೂನಿಟ್ ದಾಟಲಿಲ್ಲ. ಜೂನ್ ಎರಡನೇ ವಾರಕ್ಕೆ 240ರ ಹತ್ತಿರ ಬಂತು. ಲೆಕ್ಕದ 260 ಇನ್ನೂ ಮುಟ್ಟಿಲ್ಲ. ಮೊನ್ನೆ ಒಂದು ಎಕ್ಸ್‌ಇವಿ 9ಇ ಬಂದು 60ರ ಗನ್ನಿಗೆ ಐವತ್ತು ನಿಮಿಷ ಕೂತಿತಂತೆ. ಯಜಮಾನರು ಅದನ್ನೇ ಹಿಡಿದುಕೊಂಡು, "ನೋಡಿದ್ರಾ, ದೊಡ್ಡದು ಹಾಕ್ಬೇಕಿತ್ತು" ಅಂದರು. ತಿಂಗಳಲ್ಲಿ ಅಂಥವು ಎಷ್ಟು ಬಂದವು ಅಂತ ಕೇಳಿದೆ. ಮೂರು.

ಖಾಲಿ ಪೈಪ್ ಎರಡು ನೆಲದಡಿ ಇವೆ. 150ರ ಮಿತಿಗೆ ಇನ್ನೂ 30 ಕಿಲೋವಾಟ್ ಬಾಕಿ ಇದೆ. ಇನ್ನೊಂದು 30ರ ಯಂತ್ರ ಹಾಕುವುದೋ, ಎಚ್‌ಟಿಯ ಆ ಮಡಚಿದ ಹಾಳೆ ಮತ್ತೆ ತೆಗೆಯುವುದೋ ಅನ್ನುವ ಚರ್ಚೆ ನಡೆದಿದೆ. ಜೂನ್ ಕೊನೆಗೆ ಆಷಾಢ ಶುರು, ಒಂದು ತಿಂಗಳು ಮಂಟಪದಲ್ಲಿ ಮದುವೆ ಇಲ್ಲ, ಆರೂ ಬೇ ದಿನವಿಡೀ ಖಾಲಿ ಸಿಗುತ್ತವೆ. ಆ ತಿಂಗಳ ಮೀಟರ್ ನೋಡಿ ಆಮೇಲೆ ಅರ್ಜಿ ಬರೆಯೋಣ ಅಂತ ಹೇಳಿ ಬಂದಿದ್ದೇನೆ.